‘ಸರ್ಜ್’ಗೆ ಕನ್ನಡದಲ್ಲಿ ಒಂದು ಪದ ಸಾಕೇ, ಎರಡು ಬೇಕೇ?

ಗೆಳೆಯರೇ,

ಮೂರು ವಾರದಿಂದ ಒಂದೇ ಪದ ತಲೆ ತಿನ್ನುತ್ತಿದೆ. ಪದ ‘ಸರ್ಜ್’. ವೋಲ್ಟೇಜ್ ತಟ್ಟನೆ ಏರಿದಾಗ ಟಿವಿ ಗಿವಿ ಸುಡದಂತೆ ಕಾಯುವ ಡಬ್ಬಿಗೆ ಸರ್ಜ್ ಪ್ರೊಟೆಕ್ಟರ್ ಅಂತೀವಲ್ಲ, ಆ ಸರ್ಜ್.

ವಿಷಯ ಇಷ್ಟು. ಅಮೆರಿಕದಲ್ಲಿರುವ ನಮ್ಮ ಭಾವ ಒಂದು ಟ್ರಾವೆಲ್ ಟ್ರೇಲರ್ ಕೊಂಡಿದ್ದಾರೆ. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಸೂರಿನ ಮೇಲೆ ಎಸಿ ಎಲ್ಲಾ ಇದೆ. ಅದಕ್ಕೆ ಇನ್ವರ್ಟರ್ ಮತ್ತು ಸರ್ಜ್ ಪ್ರೊಟೆಕ್ಟರ್ ಎರಡನ್ನೂ ಹೊಸದಾಗಿ ಸೇರಿಸುತ್ತಿದ್ದಾರೆ. ಅವರ ಅಪ್ಪ ಅಮ್ಮ ಕೆಲವು ತಿಂಗಳು ಅದರಲ್ಲೇ ಜೊತೆಗೆ ತಿರುಗಾಡುವವರು. ಅವರಿಗೆ ಕನ್ನಡದಲ್ಲಿ ಓದಿದರೇ ಸಮಾಧಾನ. ಯಾವ ಡಬ್ಬಿ ಏನು ಮಾಡುತ್ತೆ, ಯಾವ ದೀಪ ಹತ್ತಿದರೆ ಏನು ಅಂತ ಹತ್ತು ಪುಟ ಬರೆದುಕೊಡು ಎಂದು ಭಾವ ನನಗೆ ಹೇಳಿದರು. ನನ್ನ ಕೆಲಸವೇ ಮೋಟರು, ಪ್ಯಾನೆಲ್ ಬೋರ್ಡು. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಮೊದಲ ಕರಡಿನಲ್ಲಿ ಇನ್ವರ್ಟರ್ ಡಬ್ಬಿಯ ಮೇಲಿದ್ದುದನ್ನು ಹಾಗೇ ಇಳಿಸಿದ್ದೆ: ‘2000 ವ್ಯಾಟ್, ಸರ್ಜ್ 4000 ವ್ಯಾಟ್’. ಮಾವ ವಿಡಿಯೊ ಕರೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. “ಇದರಲ್ಲೇ ಸರ್ಜ್ ಇದೆಯಲ್ಲಪ್ಪಾ. ಅದೂ ನಾಲ್ಕು ಸಾವಿರ. ಮತ್ತೆ ಇನ್ನೊಂದು ಸರ್ಜ್ ಡಬ್ಬಿ ಯಾಕೆ? ದುಡ್ಡು ದಂಡ.”

ನನ್ನ ಹತ್ತಿರ ಉತ್ತರ ಇತ್ತು. ಹೇಳೋಕೆ ಪದ ಇರಲಿಲ್ಲ.

ಎರಡು ಕಡೆಯೂ ಒಂದೇ ಪದ, ಆದರೆ ಎರಡು ಬೇರೆ ಸಂಗತಿ. ಇನ್ವರ್ಟರ್ ಮೇಲಿನ ಸರ್ಜ್ ಒಳಗಿನಿಂದ ಬರುವ ಬೇಡಿಕೆ. ಫ್ರಿಜ್ಜಿನ ಕಂಪ್ರೆಸರ್ ನಿಂತಲ್ಲಿಂದ ತಿರುಗಲು ಶುರು ಮಾಡುವಾಗ, ಓಡುತ್ತಿರುವಾಗ ತೆಗೆದುಕೊಳ್ಳುವುದಕ್ಕಿಂತ ಹಲವು ಪಟ್ಟು ಕರೆಂಟ್ ಕೇಳುತ್ತೆ. ಬಹಳ ಹೊತ್ತಲ್ಲ, ಒಂದು ಸೆಕೆಂಡೋ ಅದಕ್ಕೂ ಕಮ್ಮಿಯೋ. ಅಷ್ಟು ಹೊತ್ತು ನಾನು 4000 ವ್ಯಾಟ್ ಕೊಡಬಲ್ಲೆ ಅಂತ ಇನ್ವರ್ಟರ್ ಹೇಳಿಕೊಳ್ಳುತ್ತಿದೆ. ಅದು ಅದರ ತಾಕತ್ತು. ಸರ್ಜ್ ಪ್ರೊಟೆಕ್ಟರಿನ ಸರ್ಜ್ ಹೊರಗಿನಿಂದ ಬರುವ ಕೇಡು. ಹತ್ತಿರದಲ್ಲಿ ಸಿಡಿಲು ಬಿದ್ದಾಗ, ಲೈನಿನಲ್ಲಿ ದೊಡ್ಡ ಲೋಡು ಆನ್ ಆಫ್ ಆದಾಗ, ತಂತಿಯಲ್ಲಿ ವೋಲ್ಟೇಜ್ ಕೆಲವು ಮೈಕ್ರೋಸೆಕೆಂಡ್ ಮಟ್ಟಿಗೆ ಸಾವಿರಗಟ್ಟಲೆ ಏರಿ ಇಳಿಯುತ್ತೆ. ಒಂದು ಇರಬೇಕಾದದ್ದು, ಇನ್ನೊಂದು ಬರಬಾರದ್ದು. ಒಂದನ್ನು ವ್ಯಾಟಿನಲ್ಲಿ ಅಳೆಯುತ್ತೇವೆ, ಇನ್ನೊಂದರಲ್ಲಿ ವೋಲ್ಟ್ ನೋಡುತ್ತೇವೆ. ಸರ್ಜ್ ಪ್ರೊಟೆಕ್ಟರ್ ಮೇಲೆ ಬರೆದಿರುವುದು ಜೂಲ್‌ನಲ್ಲಿ, ಅಂದರೆ ಅದು ಒಟ್ಟು ಎಷ್ಟು ಶಕ್ತಿ ನುಂಗಬಲ್ಲದು ಅಂತ.

ಇಂಗ್ಲಿಷಿನವರಿಗೆ ಇದು ತೊಡಕಲ್ಲ. ಲ್ಯಾಟಿನ್ನಿನ ‘ಸುರ್ಗೆರೆ’, ಅಂದರೆ ಏಳು, ಮೇಲಕ್ಕೆ ಬರು ಅನ್ನುವುದೇ ಬೇರು. ಏಳುವುದು ಏನು ಬೇಕಾದರೂ ಆಗಬಹುದು: ಅಲೆ, ವೋಲ್ಟೇಜ್, ಬೇಡಿಕೆ. ಕನ್ನಡದಲ್ಲಿ ಏನು ಎದ್ದಿತು ಅಂತ ಹೇಳದೆ ಹಾಗೆ ಸುಮ್ನೆ ‘ಏರಿಕೆ’ ಅಂದರೆ ಬೆಲೆ ಏರಿಕೆ ನೆನಪಾಗುತ್ತೆ.

ಹೊರಗಿನ ಸರ್ಜ್‌ಗೆ ನಾನು ಎಣಿಸಿದ ಪದಗಳನ್ನು ನೋಡಿ.

‘ಉಬ್ಬರ’. ಕಿವಿಗೆ ಚೆನ್ನಾಗಿದೆ. ಆದರೆ ಸಮುದ್ರದ ಉಬ್ಬರ ಏರಲು ಸುಮಾರು ಆರು ಗಂಟೆ ಬೇಕು. ಇದು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಬಂದು ಹೋಗಬಹುದಾದಷ್ಟು ಚಿಕ್ಕದು. ಮೇಲಾಗಿ ಹೊಟ್ಟೆ ಉಬ್ಬರ ಬೇರೆ ಇದೆ.

‘ಏರಿಳಿತ’. ಪತ್ರಿಕೆಯವರು ಬಳಸುವ ಪದ, ವೋಲ್ಟೇಜ್ ಏರಿಳಿತ ಅಂತ. ಅದು ನಿಧಾನದ ಹೊಯ್ದಾಟಕ್ಕೆ ಸರಿ. ಅದನ್ನು ಬೇರೆ ಕಡೆಗೆ ಬೇಕೆಂದು ಎತ್ತಿಟ್ಟುಕೊಂಡಿದ್ದೇನೆ, ಕೆಳಗೆ ಹೇಳುತ್ತೇನೆ.

‘ಉಲ್ಬಣ’. ಜ್ವರ ಬಂದ ಹಾಗಿದೆ. ಬೇಡ.

‘ಹೊಡೆತ’. ಇದನ್ನು ಬಹಳ ದಿನ ಹಿಡಿದುಕೊಂಡಿದ್ದೆ. ‘ಹೊಡೆತ ತಡೆ’ ಅಂತ ಬರೆದೂ ಬಿಟ್ಟೆ. ಓದಿದ ಅತ್ತೆ ಹೇಳಿದ್ದು, “ಓ, ಇದಿದ್ರೆ ಕರೆಂಟ್ ಹೊಡೆಯಲ್ಲ, ಅಲ್ವಾ?” ಎದೆ ಝಲ್ಲೆಂದಿತು. ನಮ್ಮಲ್ಲಿ ಕರೆಂಟ್ ಹೊಡೆಯುವುದು ಅಂದರೆ ಮನುಷ್ಯನಿಗೆ ಶಾಕ್ ತಗಲುವುದು. ಅದನ್ನು ತಡೆಯುವ ಸಾಧನವೇ ಬೇರೆ. ಜೀವಕ್ಕೇ ಕುತ್ತು ತರುವ ಅಪಾರ್ಥ ಇದು. ಕೂಡಲೇ ಅಳಿಸಿದೆ.

‘ನೆಗೆತ’. ಈಗ ಇಲ್ಲಿ ನಿಂತಿದ್ದೇನೆ. ವೋಲ್ಟೇಜ್ ನೆಗೆಯುತ್ತೆ, ಮತ್ತೆ ಕೆಳಗೆ ಬರುತ್ತೆ. ತಟ್ಟನೆ ಆಗುವುದು ಅನ್ನುವುದೂ ಪದದಲ್ಲೇ ಇದೆ. ‘ನೆಗೆದುಬಿತ್ತು’ ಅಂತ ಯಾರಾದರೂ ನಗಬಹುದು. ನಗಲಿ, ತಡೆ ಇಲ್ಲದಿದ್ದರೆ ಟಿವಿ ನೆಗೆದುಬೀಳುವುದೂ ನಿಜವೇ. ನನ್ನ ಅಳುಕು ‘ಜಿಗಿತ’ದ ಬಗ್ಗೆ. ಅದು ಹೆಚ್ಚು ಬಳಕೆಯಲ್ಲಿದೆ, ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ ಹಾಗೆ ಕೇಳುತ್ತೆ. ನಿಮ್ಮ ಕಿವಿಗೆ ಯಾವುದು ಸರಿ?

ಒಳಗಿನ ಸರ್ಜ್ ಅಷ್ಟು ಕಾಡಲಿಲ್ಲ. ಕೆಲಸದವರ ಬಾಯಲ್ಲೇ ಪದ ಇದೆ. “ಮೋಟರ್ ಸ್ಟಾರ್ಟಿಂಗಲ್ಲಿ ಜಾಸ್ತಿ ಎಳೆಯುತ್ತೆ” ಅಂತ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಎಳೆಯುತ್ತೆ, ಅಂದಮೇಲೆ ‘ಎಳೆತ’. ಶುರುವಿನ ಎಳೆತ. ಎಳೆಯುವುದು ಫ್ರಿಜ್ಜು, ತಾಳಿಕೊಳ್ಳುವುದು ಇನ್ವರ್ಟರ್. ಹಾಗಾಗಿ ಇನ್ವರ್ಟರ್ ಮೇಲೆ ‘ಶುರುವಿನ ಎಳೆತಕ್ಕೆ 4000 ವ್ಯಾಟ್ ತನಕ’ ಅಂತ ಬರೆದರೆ ಮಾವನ ಪ್ರಶ್ನೆ ಏಳುವುದೇ ಇಲ್ಲ. ‘ಗಳಿಗೆಯ ಮಟ್ಟಿಗೆ 4000’ ಎಂದೂ ಯೋಚಿಸಿದ್ದೆ. ಆದರೆ ಲೆಕ್ಕ ಹಿಡಿದರೆ ಗಳಿಗೆ ಅಂದರೆ 24 ನಿಮಿಷ. ಅಷ್ಟು ಹೊತ್ತು 4000 ವ್ಯಾಟ್ ಎಳೆದರೆ ಮೊದಲ ಐದಾರು ಸೆಕೆಂಡಿನಲ್ಲೇ ಇನ್ವರ್ಟರ್ ಕೈ ಎತ್ತುತ್ತೆ.

ಈ ಎಳೆತ ಅನ್ನುವ ಪದ ಬ್ಯಾಟರಿ ಕಡೆಗೂ ಒದಗಿತು. 12 ವೋಲ್ಟಿನ ಬ್ಯಾಟರಿಯಿಂದ 2000 ವ್ಯಾಟ್ ತೆಗೆದರೆ ಭಾಗಿಸಿ ನೋಡಿ, 167 ಆಂಪಿಯರ್. ಇನ್ವರ್ಟರಿನಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿದರೆ 185ರ ಹತ್ತಿರ. ಹೆಬ್ಬೆರಳು ಗಾತ್ರದ ಕೇಬಲ್ ಯಾಕೆ ಬೇಕು, ಅದು ಯಾಕೆ ಗಿಡ್ಡ ಇರಬೇಕು, ಫ್ಯೂಸ್ ಯಾಕೆ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು ಅನ್ನುವುದೆಲ್ಲ ‘ಬ್ಯಾಟರಿಯಿಂದ ಇಷ್ಟು ಎಳೆಯುತ್ತೆ’ ಎಂಬ ಒಂದು ಮಾತಿನಲ್ಲಿ ಮುಗಿಯಿತು.

ಇನ್ನು ‘ಇನ್ವರ್ಟರ್’. ಇದನ್ನು ಕನ್ನಡ ಮಾಡುವ ಹಟ ನನಗಿಲ್ಲ, ಅದು ಕನ್ನಡವೇ ಆಗಿದೆ. ತೊಂದರೆ ಅಲ್ಲೇ. ನಮ್ಮ ಬಳಕೆಯಲ್ಲಿ ಇನ್ವರ್ಟರ್ ಅಂದರೆ ಬ್ಯಾಟರಿ ಸಮೇತ ಇಡೀ ಏರ್ಪಾಡು. ಕರೆಂಟ್ ಇದ್ದಾಗ ತಾನೇ ಚಾರ್ಜ್ ಮಾಡಿಕೊಳ್ಳುತ್ತೆ, ಹೋದಾಗ ತಾನೇ ಬದಲಾಗುತ್ತೆ. ಟ್ರೇಲರಿನವರ ಮಾತಿನಲ್ಲಿ ಅದು ಬರೀ ಬ್ಯಾಟರಿಯ ಡಿಸಿ ಕರೆಂಟನ್ನು ಸಾಕೆಟ್ಟಿಗೆ ಬರುವ ಎಸಿ ಕರೆಂಟ್ ಮಾಡುವ ಡಬ್ಬಿ. ಎಸಿಯನ್ನು ಡಿಸಿ ಮಾಡಿ ಬ್ಯಾಟರಿ ತುಂಬಿಸುವುದು ಕನ್ವರ್ಟರ್ ಅನ್ನುವ ಬೇರೆ ಡಬ್ಬಿ, ಅದು ಸಾಮಾನ್ಯವಾಗಿ ಟ್ರೇಲರಿನ ಜೊತೆಗೇ ಬಂದಿರುತ್ತೆ. ಬದಲಾಯಿಸುವುದು ಟ್ರಾನ್ಸ್‌ಫರ್ ಸ್ವಿಚ್. ಇವೆಲ್ಲ ಒಂದರಲ್ಲೇ ಸೇರಿದ ಇನ್ವರ್ಟರ್-ಚಾರ್ಜರ್ ಸಿಗುತ್ತೆ, ಭಾವ ತಂದದ್ದು ಅದಲ್ಲ. ಇಲ್ಲೊಂದು ತಮಾಷೆ ಆಗುತ್ತೆ. ಗೋಡೆಯ ಎಲ್ಲ ಸಾಕೆಟ್ಟಿಗೂ ಇನ್ವರ್ಟರ್ ಕರೆಂಟ್ ಕೊಟ್ಟು, ಕನ್ವರ್ಟರ್ ಆಫ್ ಮಾಡುವುದನ್ನು ಮರೆತರೆ, ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳುತ್ತಾ ಸೋರಿ ಹೋಗುತ್ತೆ. ಹೀಗಾಗಿ ಪುಟದ ತುದಿಯಲ್ಲಿ ‘ಇದು ನಿಮ್ಮ ಮನೆಯ ಇನ್ವರ್ಟರ್ ಅಲ್ಲ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಪದದ ಹುಟ್ಟು ಕೂಡ ಚೆನ್ನಾಗಿದೆ. ಮೊದಲು ಇದ್ದದ್ದು ಎಸಿಯನ್ನು ಡಿಸಿ ಮಾಡುವ ಯಂತ್ರ. ಅದನ್ನೇ ಹಿಂದುಮುಂದಾಗಿಸಿದ್ದು ಇನ್ವರ್ಟರ್, ತಿರುಗುಮುರುಗು. ಜನರಲ್ ಎಲೆಕ್ಟ್ರಿಕ್‌ನ ಇಂಜಿನಿಯರ್ ಡೇವಿಡ್ ಪ್ರಿನ್ಸ್ 1925ರಲ್ಲೇ ಈ ಹೆಸರಿನಲ್ಲಿ ಲೇಖನ ಬರೆದಿದ್ದರು.

ಎಸಿ, ಡಿಸಿ ಅಂತಲೇ ಬಳಸುತ್ತಿದ್ದೀಯಲ್ಲ, ಪಠ್ಯಪುಸ್ತಕದ ಪದ ಇಲ್ವಾ ಅಂತ ಕೇಳಬಹುದು. ಇದೆ. ಡಿಸಿಗೆ ನೇರ ವಿದ್ಯುತ್, ಎಸಿಗೆ ಪರ್ಯಾಯ ವಿದ್ಯುತ್. ಆದರೆ ‘ಕರೆಂಟ್ ಇಲ್ಲದಾಗ ಇನ್ವರ್ಟರ್ ಪರ್ಯಾಯ ವಿದ್ಯುತ್ ಕೊಡುತ್ತೆ’ ಅಂತ ಬರೆದರೆ ಓದುವವರು ಏನು ತಿಳಿಯಬೇಕು? ಬದಲಿ ಕರೆಂಟ್ ಅಂತಲೇ ತಿಳಿಯುತ್ತಾರೆ. ವಾಕ್ಯ ನಿಜವಾಗಿಯೇ ಉಳಿಯುತ್ತೆ, ಅರ್ಥ ಮಾತ್ರ ಬೇರೆ. ಇತ್ತ ಎಸಿ ಅಂದರೆ ಸೂರಿನ ಮೇಲಿನ ತಂಪಿನ ಯಂತ್ರವೂ ಹೌದು. ‘ಎಸಿಗೆ ಎಸಿ ಬೇಕು, ಬ್ಯಾಟರಿಯ ಡಿಸಿ ಸಾಲದು’ ಅಂತ ನಾನೇ ಬರೆದು ನಾನೇ ನಕ್ಕೆ. ಕೊನೆಗೆ ‘ಸಾಕೆಟ್ ಕರೆಂಟ್’ ಮತ್ತು ‘ಬ್ಯಾಟರಿ ಕರೆಂಟ್’ ಅಂತ ಮಾಡಿದೆ. ವಿದ್ವತ್ತಿಗೆ ಕಮ್ಮಿ, ಕೆಲಸಕ್ಕೆ ಸಾಕು.

ಕೆಲವು ಇನ್ವರ್ಟರುಗಳು ಕೊಡುವ ಕರೆಂಟಿನ ಅಲೆಯ ಹೆಸರು ‘ಮಾಡಿಫೈಡ್ ಸೈನ್ ವೇವ್’. ಅದನ್ನು ಯಾರೋ ‘ಸುಧಾರಿತ ಅಲೆ’ ಎಂದು ಬರೆದದ್ದು ಕಂಡೆ. ಅದು ಸುಧಾರಿಸಿದ್ದೇನಲ್ಲ, ಅಗ್ಗದ್ದು. ನುಣುಪಾಗಿ ಏರಿ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ, ಮೋಟರುಗಳು ಗೊಣಗಿ ಬಿಸಿಯಾಗುತ್ತವೆ. ‘ಮೆಟ್ಟಿಲಲೆ’ ಅಂತ ಇಟ್ಟಿದ್ದೇನೆ. ಇದರ ಬಗ್ಗೆ ನನಗೆ ಸಂಶಯವಿಲ್ಲ.

ಈಗ ಏರಿಳಿತಕ್ಕೆ ಬರುತ್ತೇನೆ. ಎರಡನೇ ಪ್ರಶ್ನೆ ಇಲ್ಲಿದೆ. ಸರ್ಜ್ ಪ್ರೊಟೆಕ್ಟರ್ ಹೆಸರಿನಲ್ಲಿ ಎರಡು ಬಗೆಯ ಡಬ್ಬಿ ಮಾರುತ್ತಾರೆ. ಒಂದರ ಕೆಲಸ ನೆಗೆತವನ್ನು ನುಂಗುವುದು, ಅಷ್ಟೇ. ಹೋದ ವರ್ಷ ಕೆಟ್ಟ ಒಂದನ್ನು ಬಿಚ್ಚಿ ನೋಡಿದ್ದೆ. ಒಳಗೆ ನಾಣ್ಯದಷ್ಟು ಅಗಲದ ನೀಲಿ ಬಿಲ್ಲೆಗಳು ಮೂರು. ಒಂದರ ಅಂಚು ಸೀಳಿ, ಸುತ್ತ ಕರಿ ಹಿಡಿದಿತ್ತು. ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆ ಅದು. ವೋಲ್ಟೇಜ್ ಮಿತಿಯೊಳಗಿದ್ದಾಗ ಕರೆಂಟ್ ಬಿಡುವುದಿಲ್ಲ, ಮೀರಿದ ಕೂಡಲೇ ದಾರಿ ಬಿಟ್ಟುಕೊಟ್ಟು ತಾನೇ ಬಿಸಿಯಾಗುತ್ತೆ. ಪ್ರತಿ ನೆಗೆತಕ್ಕೂ ಸ್ವಲ್ಪ ಸವೆಯುತ್ತೆ. ಒಂದು ದಿನ ತಾನು ಸತ್ತು ಟಿವಿಯನ್ನು ಉಳಿಸುತ್ತೆ.

ಇನ್ನೊಂದು ಬಗೆ ಬಂದ ಕರೆಂಟನ್ನು ಕಾದು ನೋಡುತ್ತೆ. ಅಲ್ಲಿನದು 120 ವೋಲ್ಟ್. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ 104ರ ಕೆಳಗೆ ಇಳಿದರೆ ಅಥವಾ 132 ದಾಟಿದರೆ ಲೈನನ್ನೇ ಕಡಿಯುತ್ತೆ. ಸರಿಯಾದ ಮೇಲೂ ಒಂದೆರಡು ನಿಮಿಷ ಕಾದು, ಆಮೇಲೆ ಬಿಡುತ್ತೆ, ಕಂಪ್ರೆಸರ್ ಉಸಿರು ಬಿಡಲಿ ಅಂತ. ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರೂ ಹಿಡಿಯುತ್ತೆ. ಎಲ್ಲಕ್ಕಿಂತ ಮುಖ್ಯ, ‘ಓಪನ್ ನ್ಯೂಟ್ರಲ್’ ಹಿಡಿಯುತ್ತೆ. 50 ಆಂಪಿಯರಿನ ದೊಡ್ಡ ಟ್ರೇಲರಿಗೆ 120ರ ಎರಡು ಲೈನ್ ಬರುತ್ತವೆ, ಅವುಗಳ ನಡುವೆ 240. ಹೊರಗಿನ ನ್ಯೂಟ್ರಲ್ ಕಡಿದುಹೋದರೆ 120ರ ಸಾಮಾನಿನ ಮೇಲೆ 200 ದಾಟಿ ಬೀಳಬಹುದು, ಅದೂ ಮೈಕ್ರೋಸೆಕೆಂಡಲ್ಲ, ನಿಮಿಷಗಟ್ಟಲೆ. ನುಂಗುವ ಬಿಲ್ಲೆ ಅದರ ಮುಂದೆ ಏನೂ ಅಲ್ಲ. ಅಂದಹಾಗೆ ‘ಓಪನ್’ ಅನ್ನು ‘ತೆರೆದ ನ್ಯೂಟ್ರಲ್’ ಅಂತ ಮಾಡಬೇಡಿ. ಸಿಪ್ಪೆ ಸುಲಿದ ತಂತಿ ಅಂತ ಓದಿಕೊಳ್ಳುತ್ತಾರೆ. ‘ನ್ಯೂಟ್ರಲ್ ಕಟ್’ ಎಂದರೆ ಮಕ್ಕಳಿಗೂ ಗೊತ್ತಾಗುತ್ತೆ.

ಮೊದಲನೆಯದನ್ನು ‘ನೆಗೆತ ನುಂಗಿ’ ಎಂದೂ ಎರಡನೆಯದನ್ನು ‘ಏರಿಳಿತ ಕಾವಲು’ ಎಂದೂ ಸದ್ಯಕ್ಕೆ ಕರೆದಿದ್ದೇನೆ. ನೆಗೆತ ನುಂಗಿ ಅಂದಾಗ ಭಾವ ನಕ್ಕರು, ಮಕ್ಕಳ ಕಥೆಯ ರಾಕ್ಷಸನ ಹೆಸರಿನ ಹಾಗಿದೆಯಂತೆ. ಆದರೆ ಮಾವ ಒಂದೇ ಸಲಕ್ಕೆ ವ್ಯತ್ಯಾಸ ಹಿಡಿದರು. “ಹಾಗಾದ್ರೆ ನಮಗೆ ಬೇಕಾಗಿರೋದು ಕಾವಲು, ಬರೀ ನುಂಗೋದಲ್ಲ” ಅಂದರು. ಭಾವ ತಂದಿಟ್ಟದ್ದು ನುಂಗುವುದನ್ನು. ಈಗ ವಾಪಸು ಕೊಟ್ಟು ಇನ್ನೊಂದನ್ನು ತರಬೇಕು.

ಮೂರನೆಯದು ಚಿಕ್ಕದು. ‘ಅರ್ಥ್’ ತಂತಿಗೆ ಪಠ್ಯದಲ್ಲಿ ‘ಭೂಸಂಪರ್ಕ ತಂತಿ’ ಅಂತ ಇದೆ. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಯಲ್ಲಿ ಭೂಮಿ ಎಲ್ಲಿಂದ ಬಂತು? ಅಲ್ಲಿ ಅದು ಚಾಸಿಗೆ, ಅಂದರೆ ಗಾಡಿಯ ಅಡಿಯ ಲೋಹದ ಚೌಕಟ್ಟಿಗೆ ಸೇರುತ್ತೆ. ಇನ್ವರ್ಟರ್ ಓಡುವಾಗ ನ್ಯೂಟ್ರಲ್ಲೂ ಅರ್ಥ್ ತಂತಿಯೂ ಒಂದು ಕಡೆ ಕೂಡಿರಬೇಕು, ಹೊರಗಿನ ಕರೆಂಟಿಗೆ ಸಿಕ್ಕಿಸಿದಾಗ ಗಾಡಿಯೊಳಗೆ ಕೂಡಿರಬಾರದು. ಇದನ್ನು ಬರೆಯುವಾಗ ‘ಅರ್ಥ ಕೂಡಿರಬೇಕು’ ಅಂತ ಟೈಪಾಗಿ ಒಂದು ಪುಟವೇ ವೇದಾಂತವಾಗಿತ್ತು. ‘ಮೈತಂತಿ’ ಅಂದರೆ ಹೇಗೆ? ಬಾಡಿ ಅರ್ಥ್ ಅಂತಾರಲ್ಲ, ಅದರ ಮೈ.

ಹಾಗಾಗಿ ಕೇಳುವುದು ಇಷ್ಟು: ನೆಗೆತವೋ ಜಿಗಿತವೋ? ‘ನುಂಗಿ’ಗೆ ನಗು ಬಾರದ ಬದಲಿ ಪದ ಇದೆಯೇ? ಮೈತಂತಿ ನಿಲ್ಲುತ್ತದೆಯೇ? ನಿಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳು ಬೇರೇನಾದರೂ ಅನ್ನುತ್ತಿದ್ದರೆ ಅದು ಇನ್ನೂ ಒಳ್ಳೆಯದು. ಡಬ್ಬಿಗಳ ಮೇಲೆ ಅಂಟಿಸುವ ಚೀಟಿಗಳನ್ನು ಬರುವ ಶನಿವಾರ ಪ್ರಿಂಟಿಗೆ ಕೊಡಬೇಕು.