1969ರ ಶೆವೆಲ್ ಎಸ್‌ಎಸ್ 396: ರೆಸ್ಟೋರ್ ಆದ ಗಾಡಿಯಲ್ಲಿ ಏನನ್ನು ನಂಬಬೇಕು?

ಹಳೆಗಾಲಿ (ಪ್ರಶ್ನೆ):
ಓಹಾಯೊದಲ್ಲಿ ಮಾರಾಟಕ್ಕಿರುವ 1969ರ ಶೆವರ್ಲೆ ಶೆವೆಲ್ ಎಸ್‌ಎಸ್ 396 (ಸೂಪರ್ ಸ್ಪೋರ್ಟ್, 396 ಘನ ಇಂಚಿನ ಎಂಜಿನ್) ಹಾರ್ಡ್‌ಟಾಪ್ ನೋಡಲು ಹೋಗುವುದಿದೆ. ನೋಂದಣಿ ಕ್ಯಾಲಿಫೋರ್ನಿಯಾದಲ್ಲಿ ಆಗಬೇಕು. ಜಾಹೀರಾತಿನಲ್ಲಿ "ಫ್ರೇಮ್-ಆಫ್ ರೆಸ್ಟೋರೇಶನ್, ನಂಬರ್ಸ್ ಮ್ಯಾಚಿಂಗ್, ಕೆಲಸ ಮುಗಿದ ಮೇಲೆ ಓಡಿದ್ದು 600 ಮೈಲಿ" ಅಂತಿದೆ. ಅಂದರೆ ಬಾಡಿಯನ್ನು ಚಾಸಿಯಿಂದ ಎತ್ತಿ ಕೆಲಸ ಮಾಡಿದ್ದಾರೆ, ಎಂಜಿನ್ ಕಾರ್ಖಾನೆಯಲ್ಲಿ ಇದೇ ಗಾಡಿಗೆ ಕೂರಿಸಿದ್ದು ಅಂತ ಅರ್ಥ. ಫೋಟೊಗಳು ಬೇಕಾದಷ್ಟಿವೆ, ಆದರೆ ಅಡಿಭಾಗದ್ದು ಮೂರೇ. ಆ ಮೂರರಲ್ಲೂ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಬಿಟ್ಟರೆ ಏನೂ ಕಾಣುವುದಿಲ್ಲ. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) 13637ರಿಂದ ಶುರುವಾಗುತ್ತದೆ. ಬಿಲ್ಡ್ ಶೀಟ್ (ಗಾಡಿ ಕಟ್ಟುವಾಗ ಕಾರ್ಖಾನೆಯಲ್ಲಿ ಬಳಸಿದ ಆಪ್ಷನ್‌ಗಳ ಪಟ್ಟಿ) ಇಲ್ಲವಂತೆ. ಗಾಡಿಗಳ ಇತಿಹಾಸ ಕೊಡುವ ಕಾರ್‌ಫ್ಯಾಕ್ಸ್ ಈ ನಂಬರನ್ನೇ ತೆಗೆದುಕೊಳ್ಳುತ್ತಿಲ್ಲ. ಗಾಡಿ ಜತೆ ಎರಡು ಗಂಟೆ ಸಿಗುತ್ತದೆ. ಇದು ನಿಜವಾದ ಎಸ್‌ಎಸ್ ಹೌದೋ ಅಲ್ಲವೋ, ಬಣ್ಣದ ಕೆಳಗೆ ಏನಿದೆ ಅಂತ ತಿಳಿಯುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ಎಂಟು_ಸಿಲಿಂಡರ್:
ಕಾರ್‌ಫ್ಯಾಕ್ಸ್ ಮರೆತುಬಿಡಿ. 17 ಅಕ್ಷರದ ವಿಐಎನ್ ಬಂದದ್ದೇ 1981ರ ಮಾಡೆಲ್‌ನಿಂದ, ಅದಕ್ಕಿಂತ ಹಳೆಯ ಗಾಡಿಗಳ ಇತಿಹಾಸ ಅಲ್ಲಿ ಸಿಗುವುದಿಲ್ಲ.

ನಿಮ್ಮ ನಂಬರ್ ಬಿಡಿಸೋಣ. ಮೊದಲ 1 ಅಂದರೆ ಶೆವರ್ಲೆ, 36 ಅಂದರೆ ವಿ8 ಮಾಲಿಬು (ಶೆವೆಲ್‌ನ ಒಂದು ಮಾಡೆಲ್), 37 ಅಂದರೆ ಸ್ಪೋರ್ಟ್ ಕೂಪೆ. ಆಮೇಲಿನ 9 ವರ್ಷ. ಅದರ ಮುಂದಿನದು ಕಾರ್ಖಾನೆ: ಬಿ ಇದ್ದರೆ ಬಾಲ್ಟಿಮೋರ್, ಕೆ ಇದ್ದರೆ ಕಾನ್ಸಾಸ್ ಸಿಟಿ, ಝೆಡ್ ಇದ್ದರೆ ಫ್ರೀಮಾಂಟ್. 135 ಅಂತಿದ್ದಿದ್ದರೆ ಅದು ಆರು ಸಿಲಿಂಡರ್ ಗಾಡಿ, ಮಾತು ಅಲ್ಲಿಗೇ ಮುಗಿಯುತ್ತಿತ್ತು. 136 ಇದೆ ಅಂದರೆ ಎಸ್‌ಎಸ್ ಆಗಿರಲು ಸಾಧ್ಯ, ಅಷ್ಟೇ. 1966ರಿಂದ 68ರವರೆಗೆ ಎಸ್‌ಎಸ್ 396ಕ್ಕೆ 138 ಅನ್ನುವ ಸ್ವಂತ ಸಂಖ್ಯೆ ಇತ್ತು. 1969ರಲ್ಲಿ ಅದನ್ನು ಝೆಡ್25 ಅನ್ನುವ ಆಪ್ಷನ್ ಮಾಡಿಬಿಟ್ಟರು, ವಿಐಎನ್‌ನಲ್ಲಿ ಗುರುತೇ ಉಳಿಯಲಿಲ್ಲ. ಇದೇ ಕಾರಣಕ್ಕೆ 69ರ ನಕಲಿ ಎಸ್‌ಎಸ್‌ಗಳು ಇಷ್ಟೊಂದು. ಬ್ಯಾಡ್ಜು, ಗ್ರಿಲ್ಲು, ಬಾನೆಟ್ಟು ಎಲ್ಲವೂ ಹೊಸದಾಗಿ ಕೊಳ್ಳಲು ಸಿಗುತ್ತವೆ.

ಝೆಡ್25 ಜತೆಗೆ ಮುಂದೆ ಪವರ್ ಡಿಸ್ಕ್ ಬ್ರೇಕ್, ಹಿಂದೆ 12 ಬೋಲ್ಟಿನ ಆಕ್ಸಲ್ ಬರುತ್ತಿತ್ತು. ಹಿಂಬದಿ ಡಿಫರೆನ್ಶಿಯಲ್ ಮುಚ್ಚಳದ ಬೋಲ್ಟ್ ಎಣಿಸಿ. ಹತ್ತೇ ಇದ್ದರೆ ಮಾರುವವರು ವಿವರಣೆ ಕೊಡಬೇಕು. ಹನ್ನೆರಡು ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಆಕ್ಸಲ್ ಬದಲಿಸುವುದು ಒಂದು ದಿನದ ಕೆಲಸ.

ಗಟ್ಟಿ ಸಾಕ್ಷಿ ಎರಡೇ: ಬಿಲ್ಡ್ ಶೀಟ್, ಮತ್ತೆ ವಾರಂಟಿ ಪುಸ್ತಕದೊಳಗಿನ ಲೋಹದ ತಗಡು ಪ್ರೊಟೆಕ್ಟ್-ಓ-ಪ್ಲೇಟ್. ಬಿಲ್ಡ್ ಶೀಟ್ ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಥವಾ ಹಿಂದಿನ ಸೀಟಿನ ಅಡಿಯಲ್ಲಿ ಸಿಗುತ್ತದೆ. ಫ್ರೇಮ್-ಆಫ್ ಮಾಡಿದವರು ಟ್ಯಾಂಕ್ ಇಳಿಸದೆ ಮಾಡಿರಲಾರರು, ಹಾಗಾಗಿ ಅದು ಏನಾಯಿತು ಅಂತ ನೇರವಾಗಿ ಕೇಳಿ. ಎರಡಕ್ಕೂ ನಕಲು ಮಾಡಿಸಬಹುದು, ಹೊಚ್ಚ ಹೊಸ ಕಾಗದ ಕಂಡರೆ ಎಚ್ಚರ. ಪಾಂಟಿಯಾಕ್‌ಗಾದರೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಕಡೆಯಿಂದ, 1967ರಿಂದ ಈಚಿನ ಫೋರ್ಡ್‌ಗಾದರೆ ಮಾರ್ಟಿ ರಿಪೋರ್ಟ್‌ನಿಂದ ಕಾರ್ಖಾನೆಯ ದಾಖಲೆ ತರಿಸಬಹುದಿತ್ತು. ಅಮೆರಿಕದಲ್ಲೇ ತಯಾರಾಗಿ ಅಲ್ಲೇ ಮಾರಾಟವಾದ ಶೆವೆಲ್‌ಗೆ ಆ ದಾರಿ ಇಲ್ಲ.

ಇನ್ನು ಎಂಜಿನ್. ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕಿನ ಮೇಲೆ, ಚಿಕ್ಕ ಸಮತಟ್ಟು ಜಾಗವಿದೆ. ಅಲ್ಲಿ ಎರಡು ಮುದ್ರೆ ಇರಬೇಕು. ಒಂದು ಟಿ0212 ಅನ್ನುವಂಥದ್ದು, ಕೊನೆಯಲ್ಲಿ ಎರಡು ಅಕ್ಷರ: ಟಿ ಅಂದರೆ ಟೊನಾವಾಂಡಾ ಕಾರ್ಖಾನೆ, 0212 ಅಂದರೆ ಫೆಬ್ರವರಿ 12, ಅಕ್ಷರಗಳು ಎಂಜಿನ್ ಬಗೆ. ಇನ್ನೊಂದು ಗಾಡಿಯ ಅರ್ಧ ವಿಐಎನ್: 1, 9, ಕಾರ್ಖಾನೆ ಅಕ್ಷರ, ಕೊನೆಯ ಆರು ಅಂಕಿ. ಫೈರ್‌ವಾಲ್ (ಎಂಜಿನ್ ಮತ್ತು ಒಳಾಂಗಣದ ನಡುವಿನ ತಗಡು) ಮೇಲಿನ ಟ್ರಿಮ್ ಟ್ಯಾಗ್ ಅನ್ನುವ ಚಿಕ್ಕ ಫಲಕದಲ್ಲಿ 02ಸಿ ಅಂತಿದ್ದರೆ ಬಾಡಿ ಕಟ್ಟಿದ್ದು ಫೆಬ್ರವರಿ ಮೂರನೇ ವಾರ. ಎಂಜಿನ್ ಅದಕ್ಕಿಂತ ಕೆಲವು ದಿನವೋ ವಾರವೋ ಮುಂಚಿನದಾಗಿರಬೇಕು. ಗಾಡಿಗಿಂತ ಎಂಜಿನ್ ಚಿಕ್ಕದಾಗಿದ್ದರೆ, ಅಂದರೆ ವಯಸ್ಸಿನಲ್ಲಿ, ಜಾಹೀರಾತು ಸುಳ್ಳು.

ಮುದ್ರೆಯ ಹಿನ್ನೆಲೆಯನ್ನೂ ನೋಡಿ. ಕಾರ್ಖಾನೆಯ ಬ್ಲಾಕಿನಲ್ಲಿ ನೇರವಾದ ಸಣ್ಣ ಗೆರೆಗಳಿರುತ್ತವೆ. ಕನ್ನಡಿಯಂತೆ ನುಣುಪಾಗಿದ್ದರೆ ಅಥವಾ ದುಂಡನೆಯ ಗೀರುಗಳಿದ್ದರೆ ಬ್ಲಾಕನ್ನು ಮೇಲಿಂದ ಉಜ್ಜಿಸಿದ್ದಾರೆ, ನಂಬರ್ ಆಮೇಲೆ ಹೊಡೆದದ್ದು.

ಮಾರುವವರು 375 ಹಾರ್ಸ್‌ಪವರ್ ಅಂತ ಹೇಳುತ್ತಿದ್ದಾರೆಯೇ? ಅದು ಎಲ್78: ಹೋಲಿ ಕಾರ್ಬ್ಯುರೇಟರ್, ಅಲ್ಯೂಮಿನಿಯಂ ಇನ್‌ಟೇಕ್, ಸಾಲಿಡ್ ಲಿಫ್ಟರ್. ಐಡಲ್‌ನಲ್ಲಿ ಟಕಟಕ ಸದ್ದು ಬರಲೇಬೇಕು. 325ರ ಎಲ್35, 350ರ ಎಲ್34 ಎರಡಕ್ಕೂ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಮತ್ತು ಬೀಡು (ಎರಕದ ಕಬ್ಬಿಣ) ಇನ್‌ಟೇಕ್.

ತುಕ್ಕುಗಣ್ಣು:
ಮೇಲಿನದ್ದೆಲ್ಲ ಸರಿ, ಆದರೆ ನಾನಾದರೆ ಮೊದಲ ಒಂದು ಗಂಟೆ ಬಾನೆಟ್ ಎತ್ತುವುದೇ ಇಲ್ಲ. ಎಂಜಿನ್ ಬಿಚ್ಚಿ ಕಟ್ಟುವ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ಕೊಳೆತ ಬಾಡಿಯ ಖರ್ಚು ಬಿಚ್ಚಿದಷ್ಟೂ ಬೆಳೆಯುತ್ತದೆ.

ಬಣ್ಣದ ದಪ್ಪ ಅಳೆಯುವ ಗೇಜ್ ಒಯ್ಯಿರಿ. ಕಾರ್ಖಾನೆ ಬಣ್ಣ 4ರಿಂದ 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ). ರೆಸ್ಟೋರ್ ಆದ ಗಾಡಿಯಲ್ಲಿ 8ರಿಂದ 15 ಬಂದರೆ ಗಾಬರಿ ಬೇಡ, ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಅಷ್ಟಾಗುತ್ತದೆ. ಒಂದೇ ಪ್ಯಾನೆಲ್‌ನಲ್ಲಿ ಮೇಲೆ 10, ಕೆಳಗೆ 40 ಬಂದರೆ ಅಲ್ಲಿ ಪುಟ್ಟಿ ಕೂತಿದೆ. ತೆಳ್ಳಗೆ ಎಳೆದ ಪುಟ್ಟಿ ತಪ್ಪೇನಲ್ಲ, ಒಳ್ಳೆಯ ಕೆಲಸಗಾರರೂ ಹಾಕುತ್ತಾರೆ. ತೂತಿನ ಮೇಲೆ ಹಾಕಿದ ಪುಟ್ಟಿ ಒಂದೆರಡು ಮಳೆಗಾಲ, ಚಳಿಗಾಲ ಕಳೆದಂತೆ ಗುಳ್ಳೆ ಏಳುತ್ತದೆ. ಒಳಗಿನಿಂದ ಬರುವ ನೀರಿಗೆ ತಡೆ ಇಲ್ಲವಲ್ಲ.

ಅಳೆಯಬೇಕಾದ ಜಾಗ: ಹಿಂಚಕ್ರದ ಹಿಂದಿನ ಕ್ವಾರ್ಟರ್ ಪ್ಯಾನೆಲ್‌ನ ಕೆಳಭಾಗ, ಮುಂಚಕ್ರದ ಹಿಂದೆ ಫೆಂಡರಿನ ತುದಿ, ಬಾಗಿಲುಗಳ ಕೆಳ ಅಂಚು, ಹಿಂದಿನ ಗಾಜಿನ ಕೆಳಗಿನ ಮೂಲೆಗಳು. ಆ ಗಾಜಿನ ಕಾಲುವೆಯೇ ಈ ಗಾಡಿಗಳ ಶಾಪ. ಸ್ಟೀಲ್ ಪಟ್ಟಿಯ ಅಡಿ ನೀರು ನಿಂತು, ತುಕ್ಕು ಕೊರೆದು, ಡಿಕ್ಕಿಗೆ ಸೋರಿ, ಅಲ್ಲಿಂದ ಡಿಕ್ಕಿಯ ನೆಲ, ಬಾಡಿ ಮೌಂಟು ಎಲ್ಲ ಹೋಗುತ್ತದೆ. ವಿನೈಲ್ ಟಾಪ್ ಇದ್ದರೆ ಅನುಮಾನ ಇಮ್ಮಡಿ. ಡಿಕ್ಕಿಯ ಮ್ಯಾಟ್ ಎತ್ತಿ, ಟಾರ್ಚ್ ಬಿಟ್ಟು ಗಾಜಿನ ಕೆಳಭಾಗವನ್ನು ಒಳಗಿನಿಂದ ನೋಡಿ. ಕ್ವಾರ್ಟರ್ ಪ್ಯಾನೆಲ್‌ನ ಒಳಮೈ ಕೂಡ ಅಲ್ಲಿಂದಲೇ ಕಾಣುತ್ತದೆ. ಹಳೆಯ ತಗಡಿನ ಮೇಲೆ ಹೊಸ ತಗಡು ಕವಚಿ ಬೆಸುಗೆ ಹಾಕಿದ್ದರೆ ಎರಡು ಪದರ ಎದ್ದು ತೋರುತ್ತದೆ. ಆ ಪದರಗಳ ನಡುವೆ ತೇವ ಸೇರಿ ಮತ್ತೆ ತುಕ್ಕು ಶುರು.

ಮುಂದಿನ ಕಾರ್ಪೆಟ್‌ನ ಮೂಲೆ ಎತ್ತಿ ನೆಲ ನೋಡಿ. ಆಮೇಲೆ ವೈಪರ್ ಬಳಿಯ ಕೌಲ್ ಜಾಲರಿಗೆ ಒಂದು ಬಾಟಲಿ ನೀರು ಸುರಿಯಲು ಅನುಮತಿ ಕೇಳಿ. ನೀರು ಫೆಂಡರಿನ ಹಿಂದೆ ಕೆಳಗಿಳಿಯಬೇಕು, ನಿಮ್ಮ ಪಾದದ ಮೇಲಲ್ಲ.

ಫ್ರೇಮ್-ಆಫ್ ಅಂದವರು ಅಂಡರ್‌ಕೋಟಿಂಗ್ ಯಾಕೆ ಬಳಿದರು ಅನ್ನುವುದೇ ನನ್ನ ಮುಖ್ಯ ತಕರಾರು. ಬಾಡಿ ಎತ್ತಿ ಚಾಸಿ ಶುದ್ಧ ಮಾಡಿದವರು ಅದನ್ನು ತೋರಿಸಿ ಮೆರೆಯುತ್ತಾರೆ. ಗಾಡಿ ಲಿಫ್ಟ್ ಮೇಲೆ ಏರಲೇಬೇಕು. ಹಿಂಚಕ್ರದ ಮೇಲೆ ಚಾಸಿ ಬಾಗುವ ಕಡೆ ಮಣ್ಣು, ಉಪ್ಪು ನಿಲ್ಲುತ್ತದೆ, ಅಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಓಹಾಯೊದ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುತ್ತಾರೆ ಅನ್ನುವುದನ್ನು ಮರೆಯಬೇಡಿ. ಬಾಡಿ ಎತ್ತಿದಾಗಿನ ಫೋಟೊ, ಬಿಡಿಭಾಗಗಳ ರಸೀದಿ ಎರಡೂ ಇಲ್ಲದಿದ್ದರೆ "ಫ್ರೇಮ್-ಆಫ್" ಅನ್ನುವುದು ಬರೀ ಮಾತು.

ಹಳೆಗಾಲಿ:
ಫೋಟೊ ಕೇಳಿದೆ, "ಹಳೆಯ ಫೋನ್‌ನಲ್ಲಿ ಹೋಯಿತು" ಅಂದರು. ಲಿಫ್ಟ್‌ಗೆ ಒಪ್ಪಿದ್ದಾರೆ. ನಾನು ಬರುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿ ಇಡುತ್ತಾರಂತೆ.

ಕ್ವಾಡ್ರಾಜೆಟ್:
ಬಿಸಿ ಮಾಡಿ ಇಡಬೇಡಿ ಅಂತ ಈಗಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿನ ಸ್ಟಾರ್ಟ್‌ನಲ್ಲಿ ಮೊದಲ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಅದು ಚಿಕ್ಕ ಕೆಲಸ. ಏರಿನಲ್ಲಿ ಆಕ್ಸಲರೇಟರ್ ತುಳಿದಾಗ ನೀಲಿ ಬಂದರೆ ಪಿಸ್ಟನ್ ರಿಂಗ್. ಬಿಸಿಯಾದ ಮೇಲೂ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಹೆಡ್ ಗ್ಯಾಸ್ಕೆಟ್.

69ರಲ್ಲಿ ಆಯಿಲ್‌ಗೆ ಸಾಮಾನ್ಯವಾಗಿ ಬರೀ ಎಚ್ಚರಿಕೆ ದೀಪ, ಗೇಜ್ ಆಪ್ಷನ್. ತಪಾಸಣೆಯವರಿಂದ ಮೆಕ್ಯಾನಿಕಲ್ ಗೇಜ್ ಹಾಕಿಸಿ: ಎಂಜಿನ್ ಪೂರ್ತಿ ಬಿಸಿಯಾದಾಗ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು. ಕಂಪ್ರೆಶನ್ ನೋಡುವಾಗ ಎಂಟೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ನೋಡಬೇಕು. ಅತಿ ಕಡಿಮೆ ಬಂದ ಸಿಲಿಂಡರ್, ಅತಿ ಹೆಚ್ಚು ಬಂದದ್ದರ ಶೇ. 75ಕ್ಕಿಂತ ಕೆಳಗಿರಬಾರದು.

600 ಮೈಲಿ ಅನ್ನುವುದು ಹೆಗ್ಗಳಿಕೆಯಲ್ಲ, ನನಗದು ಅನುಮಾನದ ವಿಷಯ. ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಸವೆಯುವುದು ಶುರುವಿನಲ್ಲೇ, ಅದರಲ್ಲೂ ಜಿಂಕ್ ಕಡಿಮೆ ಇರುವ ಈಗಿನ ಆಯಿಲ್ ಹಾಕಿದ್ದರೆ. ಆಯಿಲ್ ಫಿಲ್ಟರ್ ಬಿಚ್ಚಿಸಿ, ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಮಿನುಗುವ ಲೋಹದ ಪುಡಿ ಇದ್ದರೆ ಎಂಜಿನ್ ಮತ್ತೆ ಬಿಚ್ಚಬೇಕು, ಅದನ್ನು ಬೆಲೆಯಲ್ಲಿ ಕಳೆಯಿರಿ.

ಅರ್ಧ ಗಂಟೆ ಓಡಿಸಿ, ಕೊನೆಯ ಹತ್ತು ನಿಮಿಷ ಟ್ರಾಫಿಕ್‌ನಲ್ಲಿ ನಿಧಾನಕ್ಕೆ. ಬಿಗ್ ಬ್ಲಾಕ್ (396ರಂಥ ದೊಡ್ಡ ವಿ8) ಹೆದ್ದಾರಿಯಲ್ಲಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ಬಿಸಿಯೇರುತ್ತದೆ, ಫ್ಯಾನ್ ಸುತ್ತಲಿನ ಶ್ರೌಡ್ ಕಿತ್ತು ಹಾಕಿದ್ದರಂತೂ ಕೇಳುವುದೇ ಬೇಡ. ಆಮೇಲೆ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಹೆಡರ್ (ಬದಲಿ ಎಕ್ಸಾಸ್ಟ್ ಕೊಳವೆ) ಹಾಕಿದ ಗಾಡಿಗಳಲ್ಲಿ ಸ್ಟಾರ್ಟರ್ ಮೋಟಾರ್ ಕಾದು ತೆವಳುತ್ತದೆ. ಟೈರಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2314 ಅಂದರೆ 2014ರ 23ನೇ ವಾರ. ಗ್ರೂವ್ ಎಷ್ಟೇ ಇರಲಿ, ಅಂಥ ಟೈರಿನಲ್ಲಿ ಹೆದ್ದಾರಿ ಹತ್ತಬೇಡಿ.

ಎಂಟು_ಸಿಲಿಂಡರ್:
ಫೋಟೊ ಹೋಯಿತು, ಬಿಲ್ಡ್ ಶೀಟ್ ಇಲ್ಲ ಅಂದ ಮೇಲೆ ಇದನ್ನು 396 ಹಾಕಿದ ಮಾಲಿಬು ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಬಾಡಿ ಗಟ್ಟಿಯಿದ್ದರೆ ಓಡಿಸಲು ಅದೇನೂ ಕೆಟ್ಟ ಗಾಡಿಯಲ್ಲ. ಎಸ್‌ಎಸ್ ಬೆಲೆ ಮಾತ್ರ ಕೊಡಬೇಡಿ.

ಕಾಗದಪತ್ರ:
ಟೈಟಲ್ (ಮಾಲೀಕತ್ವದ ಪತ್ರ) ಮೇಲಿರುವ ವಿಐಎನ್, ಡ್ಯಾಶ್ ಮೇಲಿನ ತಗಡಿನ ವಿಐಎನ್ ಅಕ್ಷರ ಅಕ್ಷರ ಹೊಂದಬೇಕು. ತಗಡು ಹಿಡಿದಿರುವ ರಿವೆಟ್‌ಗಳು ಹೂವಿನ ಆಕಾರದವು. ಮಾಮೂಲಿ ಪಾಪ್ ರಿವೆಟ್ ಇದ್ದರೆ ವಾಪಸ್ ಬನ್ನಿ. ವಿಐಎನ್ ಕಿತ್ತು ಬದಲಿಸುವುದು ಫೆಡರಲ್ ಅಪರಾಧ, ಗಾಡಿ ಜಪ್ತಿಯಾದರೆ ನಷ್ಟ ನಿಮ್ಮದು. ಟೈಟಲ್‌ನಲ್ಲಿ ಮಾರುವವರ ಹೆಸರೇ ಇರಬೇಕು, ನಡುವೆ ಇನ್ನೊಬ್ಬರ ಸಹಿ ಮಾಡಿದ ಖಾಲಿ ಟೈಟಲ್ ಬೇಡ. ಸಾಲ ಬಾಕಿ ಇದ್ದರೆ ಅವರ ಬ್ಯಾಂಕಿನೊಳಗೇ ಕೂತು ಹಣ ಕೊಡಿ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಸ್ಮಾಗ್ (ಹೊಗೆ) ತಪಾಸಣೆ ಇಲ್ಲ. ಆದರೆ ಹೊರರಾಜ್ಯದ ಗಾಡಿಗೆ ವಿಐಎನ್ ಪರಿಶೀಲನೆ ಆಗಬೇಕು, ಯೂಸ್ ಟ್ಯಾಕ್ಸ್ (ಹೊರರಾಜ್ಯದ ಖರೀದಿಗೆ ಮಾರಾಟ ತೆರಿಗೆಯ ಬದಲು) ಕಟ್ಟಬೇಕು. ಇನ್ಶೂರೆನ್ಸ್ ಕೇಳುವಾಗ "ಅಗ್ರೀಡ್ ವ್ಯಾಲ್ಯೂ" ಅಂತಲೇ ಕೇಳಿ, ಅಂದರೆ ಮೊದಲೇ ಒಪ್ಪಿದ ಮೊತ್ತ ಸಿಗುವ ಪಾಲಿಸಿ. "ಸ್ಟೇಟೆಡ್ ವ್ಯಾಲ್ಯೂ" ಪಾಲಿಸಿಯಲ್ಲಿ ಗಾಡಿ ಪೂರ್ತಿ ಹೋದರೂ ಕಂಪನಿ ಅದಕ್ಕಿಂತ ಕಡಿಮೆ ಕೊಡಬಹುದು. ಪಾಲಿಸಿ ಗಾಡಿ ಟ್ರಕ್ ಹತ್ತುವ ಮುಂಚೆಯೇ ಜಾರಿಯಲ್ಲಿರಲಿ.