ಪತ್ರಿಕೋದ್ಯಮ ಎಂ.ಎ. ಓದುವ ಕನ್ನಡ ಮಾಧ್ಯಮದವರು ಎಂಥ ಇಂಗ್ಲಿಷ್ ಕಲಿಯಬೇಕು?

ಬೆಣ್ಣಿಹಳ್ಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಧಾರವಾಡದಲ್ಲಿ ಪತ್ರಿಕೋದ್ಯಮ ಎಂ.ಎ.ಗೆ ಸೇರಿದ್ದೇನೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಸಂವಹನ ಸಿದ್ಧಾಂತ, ಸಂಶೋಧನಾ ವಿಧಾನ, ಮಾಧ್ಯಮ ಕಾನೂನು ಈ ಮೂರಕ್ಕೂ ಆಧಾರವಾಗಿ ಹೇಳುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಒಂದು ಪುಟ ಮುಗಿಸುವಷ್ಟರಲ್ಲಿ ನಿಘಂಟನ್ನು ಮತ್ತೆ ಮತ್ತೆ ತೆರೆದು, ಕೊನೆಗೆ ಮೊದಲ ಸಾಲಿನಲ್ಲಿ ಏನಿತ್ತೆಂಬುದೇ ಮರೆತುಹೋಗಿರುತ್ತದೆ. ನನ್ನ ಆಸೆ ಕನ್ನಡ ಪತ್ರಿಕೆಯಲ್ಲಿ ಕೆಲಸ ಮಾಡುವುದು. ಹಾಗಿದ್ದರೂ ಹಿರಿಯ ವಿದ್ಯಾರ್ಥಿಗಳೆಲ್ಲ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲೇಬೇಕು ಎನ್ನುತ್ತಾರೆ. ಅಲ್ಲಿ ವಿಚಾರಿಸಿದರೆ ತನ್ನ ಪರಿಚಯ ಹೇಳಿಕೊಳ್ಳುವುದು, ಫೋನಿನಲ್ಲಿ ಮಾತನಾಡುವುದು ಇಂಥವನ್ನೇ ಕಲಿಸುತ್ತಾರೆಂದು ತಿಳಿಯಿತು. ಮಾಧ್ಯಮಕ್ಕೆ ಬೇಕಾದ ಇಂಗ್ಲಿಷ್ ಇದೇನಾ, ಅಥವಾ ಬೇರೆಯದೇ? ಈ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಬೇಕು.

ರಾತ್ರಿಪಾಳಿ:

ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿಯನ್ನು ಅನುವಾದಿಸಿ, ತಿದ್ದಿ ಪುಟಕ್ಕೆ ಸಿದ್ಧಪಡಿಸುವ ವಿಭಾಗದಲ್ಲಿ, ಕೆಲಸ ಮಾಡುತ್ತಿರುವವನಾಗಿ ಹೇಳುತ್ತೇನೆ. ಕನ್ನಡ ಪತ್ರಿಕೆಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ನೀವು ವಿಚಾರಿಸಿ ಬಂದ ತರಗತಿಯ ಇಂಗ್ಲಿಷ್ ಅಲ್ಲ. ಪಿಟಿಐಯಂಥ ಸುದ್ದಿಸಂಸ್ಥೆಗಳಿಂದ ರಾಷ್ಟ್ರೀಯ, ವಿದೇಶ, ವಾಣಿಜ್ಯ ಮತ್ತು ಕ್ರೀಡಾ ಪುಟಗಳಿಗೆ ಬರುವ ಕಾಪಿಯಲ್ಲಿ (ಸುದ್ದಿಯ ಬರಹದಲ್ಲಿ) ಬಹುಪಾಲು ಇಂಗ್ಲಿಷಿನದು. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ಕಲಾಪದ ಭಾಷೆ ಇಂಗ್ಲಿಷ್ ಆಗಿರುವುದರಿಂದ, ಬೆಂಗಳೂರಿನ ಪ್ರಧಾನ ಪೀಠವಿರಲಿ, ನೀವು ಓದುತ್ತಿರುವ ಧಾರವಾಡದಲ್ಲೇ ಇರುವ ಪೀಠವಿರಲಿ, ಅಲ್ಲಿಂದ ಬರುವ ಆದೇಶವನ್ನು ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಂಡೇ ಕನ್ನಡದ ಓದುಗರಿಗೆ ತಿಳಿಸಬೇಕು.

ಇಲ್ಲಿ ಮಾತಿನ ಓಘ ಉಪಯೋಗಕ್ಕೆ ಬರುವುದಿಲ್ಲ. ಓದಿನ ನಿಖರತೆ ಬರುತ್ತದೆ. ಹೈಕೋರ್ಟ್ ಸರ್ಕಾರದ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟಿತೋ ಅಥವಾ ಅದನ್ನು ರದ್ದುಪಡಿಸಿತೋ, ಆರೋಪಿಯನ್ನು ವಿಚಾರಣೆ ಆರಂಭವಾಗುವ ಮೊದಲೇ ಪ್ರಕರಣದಿಂದ ಕೈಬಿಟ್ಟಿತೋ ಅಥವಾ ವಿಚಾರಣೆ ಮುಗಿದ ಮೇಲೆ ಖುಲಾಸೆ ಮಾಡಿತೋ, ನ್ಯಾಯಮೂರ್ತಿಗಳು ಬಾಯಿಮಾತಿನಲ್ಲಿ ಹೇಳಿದ್ದೋ ಅಥವಾ ಆದೇಶದಲ್ಲಿ ಬರೆಸಿದ್ದೋ ಎಂಬುದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪತ್ರಿಕೆ ಸ್ಪಷ್ಟೀಕರಣ ಅಚ್ಚು ಹಾಕಬೇಕಾಗುತ್ತದೆ. ವಾಣಿಜ್ಯ ಪುಟದ್ದು ಇನ್ನೊಂದು ಬಗೆ. ಬಡ್ಡಿದರ ಶೇ 6ರಿಂದ ಶೇ 6.5ಕ್ಕೆ ಹೋದರೆ ಅದು 50 ಮೂಲಾಂಶಗಳ ಏರಿಕೆ (ಶೇಕಡಾ ಒಂದರ ನೂರನೇ ಒಂದು ಭಾಗವೇ ಒಂದು ಮೂಲಾಂಶ); ಹಳೆಯ ದರಕ್ಕೆ ಹೋಲಿಸಿದರೆ ಏರಿಕೆ ಶೇ 8ಕ್ಕಿಂತ ಹೆಚ್ಚು. ‘ದರ ಶೇ 0.5ರಷ್ಟು ಏರಿದೆ’ ಎಂದು ಬರೆದರೆ ಲೆಕ್ಕ ಬಲ್ಲ ಓದುಗರು ಮರುದಿನ ಫೋನ್ ಮಾಡುತ್ತಾರೆ. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ ಎಂಬುದು ಸಣ್ಣ ವಿಷಯವಾದರೂ ರಾತ್ರಿ ಹನ್ನೊಂದರ ಹೊತ್ತಿಗೆ, ಪುಟವನ್ನು ಅಚ್ಚಿಗೆ ಬಿಡುವ ಅವಸರದಲ್ಲಿ, ಸೊನ್ನೆಗಳು ಕಳೆದುಹೋಗುವುದು ಅಲ್ಲೇ. ಸಂದರ್ಶನಕ್ಕೆ ಬರುವ ಹೊಸಬರಿಗೆ ನಾವು ಮೊದಲು ಕೊಡುವುದೇ ಸುದ್ದಿಸಂಸ್ಥೆಯ ಒಂದು ಕಾಪಿ. ಅವರ ಉಚ್ಚಾರಣೆಯನ್ನು ಯಾರೂ ಕೇಳುವುದಿಲ್ಲ.

ಅಧ್ಯಾಪಕಿ_ಮಲೆನಾಡು:

ನಾನು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುತ್ತೇನೆ. ನಿಮ್ಮ ತೊಂದರೆಗೆ ನಮ್ಮ ಪಠ್ಯಕ್ರಮವೂ ಒಂದು ಕಾರಣ. ಪದವಿಯ ಕಡ್ಡಾಯ ಇಂಗ್ಲಿಷ್ ವಿಷಯದಲ್ಲಿ ಒಂದಷ್ಟು ಪದ್ಯ, ಒಂದಷ್ಟು ಗದ್ಯ, ಬಿಟ್ಟ ಸ್ಥಳ ತುಂಬುವ ವ್ಯಾಕರಣ ಇರುತ್ತದೆ; ವಾಣಿಜ್ಯ ಓದುವವರಿಗೂ ಪತ್ರಿಕೋದ್ಯಮ ಓದುವವರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಪಾಠ. ಇನ್ನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮದ ಬೋಧನೆ ಆರಂಭವಾಗಿದ್ದರೂ, ಸ್ನಾತಕೋತ್ತರ ಮಟ್ಟಕ್ಕೆ ಸಾಲುವಷ್ಟು ಕನ್ನಡ ಪುಸ್ತಕಗಳನ್ನು ನಾವು ಇನ್ನೂ ಬರೆದುಕೊಂಡಿಲ್ಲ ಎಂಬುದು ಬೇರೆಯೇ ಚರ್ಚೆ.

ನಿಮಗೆ ನನ್ನ ಸಲಹೆ, ಒಂದೇ ವಿಷಯ ಎರಡು ಭಾಷೆಗಳಲ್ಲಿ ಸಿಗುವ ಕಡೆಯಿಂದ ಓದನ್ನು ಆರಂಭಿಸಿ. ಕೇಂದ್ರ ಸರ್ಕಾರದ ಪತ್ರಿಕಾ ವಾರ್ತಾ ಕಾರ್ಯಾಲಯ, ಅಂದರೆ ಪಿಐಬಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಪ್ರಕಟಣೆಗಳನ್ನು ಹೊರಡಿಸುತ್ತದೆ. ಸುಪ್ರೀಂ ಕೋರ್ಟ್ ತನ್ನ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನು ಜಾಲತಾಣದಲ್ಲಿ ಇಟ್ಟಿದೆ. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ 1948ರಲ್ಲಿ ಒಂದೇ ಸಂಸ್ಥೆಯಿಂದ ಹೊರಟ ಪತ್ರಿಕೆಗಳು. ರಾಜ್ಯ ಬಜೆಟ್ಟಿನ ಮರುದಿನ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಯಾವ ಅಂಶ ಇಂಗ್ಲಿಷಿನ ಇಂಟ್ರೊಗೆ (ಸುದ್ದಿಯ ಮೊದಲ ಪ್ಯಾರಾಕ್ಕೆ) ಹೋಯಿತು, ಯಾವುದು ಕನ್ನಡದ ತಲೆಬರಹವಾಯಿತು ಎಂಬುದು ಕಾಣುತ್ತದೆ, ಮತ್ತು ಅದು ಭಾಷೆಯ ಪಾಠವೂ ಹೌದು, ಸಂಪಾದನೆಯ ಪಾಠವೂ ಹೌದು. ಮೊದಲು ಕನ್ನಡದ್ದನ್ನು ಓದಿ. ವಿಷಯ ಗೊತ್ತಿದ್ದರೆ ಇಂಗ್ಲಿಷ್ ವಾಕ್ಯ ಅರ್ಧ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಓದಿದ ಮೇಲೆ ಪುಟ ಮುಚ್ಚಿ, ಯಾರು ಹೇಳಿದರು, ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಎಂಬುದನ್ನು ನಾಲ್ಕೈದು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಸುದ್ದಿಯ ಇಂಗ್ಲಿಷಿನಲ್ಲಿ ಅದೇ ಪದಗಳು ದಿನವೂ ಮರಳಿ ಬರುವುದರಿಂದ ಓದುತ್ತ ಹೋದಂತೆ ಅವು ಉಳಿದುಕೊಳ್ಳುತ್ತವೆ. ಕಿವಿಯ ಅಭ್ಯಾಸಕ್ಕೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಸಾಕು. ಅದರ ಜೊತೆಗೆ ಬೇಕಿದ್ದರೆ, 1943ರಿಂದ ನಡೆಯುತ್ತಿರುವ ಬಿಬಿಸಿಯ ಇಂಗ್ಲಿಷ್ ಕಲಿಕೆಯ ವಿಭಾಗದಲ್ಲಿ ಸುದ್ದಿಯನ್ನೇ ಆಧರಿಸಿದ ಪಾಠಗಳು ಉಚಿತವಾಗಿ ಸಿಗುತ್ತವೆ.

ಸಿದ್ಧಾಂತದ ಪುಸ್ತಕಗಳ ಮಾತು ಸ್ವಲ್ಪ ಬೇರೆ. ಅವು ಇಂಗ್ಲಿಷ್ ಬಲ್ಲವರಿಗೂ ಕಷ್ಟ; ಆ ಕಷ್ಟವನ್ನೆಲ್ಲ ನಿಮ್ಮ ಇಂಗ್ಲಿಷಿನ ಖಾತೆಗೆ ಬರೆದುಕೊಳ್ಳಬೇಡಿ. ಅಧ್ಯಾಯದ ಆರಂಭ ಮತ್ತು ಕೊನೆಯನ್ನು ಮೊದಲು ಓದಿ, ವಾದ ಏನೆಂದು ತಿಳಿದ ಮೇಲೆ ನಡುವಿನ ಪುಟಗಳಿಗೆ ಬನ್ನಿ.

ವರದಿಗಾರ್ತಿ_ಬೆಂಗಳೂರು:

ಹಿರಿಯರಿಬ್ಬರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ. ಮಾತು ಬೇಡವೇ ಬೇಡ ಎಂಬಂತೆ ಬರೆದಿರುವುದು ಡೆಸ್ಕಿಗೆ ಸರಿ, ವರದಿಗಾರಿಕೆಗೆ ಸರಿಯಲ್ಲ. ಕನ್ನಡ ಬಾರದ ಐಎಎಸ್ ಅಧಿಕಾರಿಯನ್ನು, ಹೊರಗಿನಿಂದ ಬಂದ ವಿಜ್ಞಾನಿಯನ್ನು, ಕಂಪನಿಯ ವಕ್ತಾರರನ್ನು ಕೇಳುವಾಗ ಪ್ರಶ್ನೆ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರು ಜಾರಿಕೊಂಡಾಗ ಹಿಂದೆಯೇ ಎರಡನೆಯ ಪ್ರಶ್ನೆ ಹಾಕಬೇಕಾಗುತ್ತದೆ. ಭಾಷಣ ಮಾಡುವುದನ್ನು ಕಲಿಯಬೇಕಿಲ್ಲ, ಕೇಳುವುದನ್ನು ಕಲಿಯಬೇಕು. ಯಾವ ದಿನ, ಎಷ್ಟು ಹಣ, ಯಾರ ಸಹಿ, ಏಕೆ ತಡ ಎಂದು ಕೇಳುವ ಚಿಕ್ಕ ವಾಕ್ಯಗಳನ್ನು ಗೆಳೆಯರ ಜೊತೆ ಅಣಕು ಪತ್ರಿಕಾಗೋಷ್ಠಿ ನಡೆಸಿ ಅಭ್ಯಾಸ ಮಾಡಿದರೆ ಹಿಂಜರಿಕೆ ಹೋಗುತ್ತದೆ.

ಉದ್ಯೋಗದ ಹರವನ್ನೂ ನೋಡಬೇಕು. ಜಾಹೀರಾತು, ಕಾರ್ಪೊರೇಟ್ ಸಂವಹನ, ಸ್ವಯಂಸೇವಾ ಸಂಸ್ಥೆಗಳ ದಾಖಲೀಕರಣದಂಥ ಕೆಲಸಗಳಲ್ಲಿ ಇಂಗ್ಲಿಷ್ ಬರವಣಿಗೆ ಕೇಳುವುದು ಸಾಮಾನ್ಯ. 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2000ದಲ್ಲಿ ಚೆನ್ನೈಗೆ ಹೋದ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿರುತ್ತದೆ. ವಿದೇಶಕ್ಕೆ ಹೋಗುವ ಯೋಚನೆ ಬಂದರೆ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಗಳಿವೆ, ಆದರೆ ಅದಕ್ಕೆ ಈಗಲೇ ಹಣ ಕಟ್ಟುವ ಅವಸರ ಬೇಡ. ಅದರ ಅಂಕಪಟ್ಟಿ ಸಾಮಾನ್ಯವಾಗಿ ಎರಡು ವರ್ಷಗಳಿಗಷ್ಟೇ ಮಾನ್ಯ. ಒಂದು ಮಾತು ಮಾತ್ರ ಧೈರ್ಯಕ್ಕಾಗಿ ಹೇಳುತ್ತೇನೆ: ಇಂಗ್ಲಿಷ್ ಸುದ್ದಿಮನೆಗಳಲ್ಲಿ ಗ್ರಾಮ ಪಂಚಾಯಿತಿಯ ನಡಾವಳಿ, ಪಹಣಿ, ತಹಶೀಲ್ದಾರರ ಆದೇಶ ಇವನ್ನೆಲ್ಲ ಓದಿ ಅರ್ಥ ಹೇಳಬಲ್ಲವರು ಕಡಿಮೆ. ನಿಮ್ಮ ಕನ್ನಡಕ್ಕೆ ಅಲ್ಲಿ ಬೆಲೆಯಿದೆ.

ಬೆಣ್ಣಿಹಳ್ಳ:

ಮೂವರಿಗೂ ಧನ್ಯವಾದಗಳು. ಇನ್ನೊಂದು ಪ್ರಶ್ನೆ ಉಳಿದಿದೆ. ಈಗ ಮೊಬೈಲಿನಲ್ಲೇ ಇಂಗ್ಲಿಷಿನಿಂದ ಕನ್ನಡಕ್ಕೆ ಕ್ಷಣದಲ್ಲಿ ಅನುವಾದವಾಗುತ್ತದೆ. ಡೆಸ್ಕಿನ ಕೆಲಸವನ್ನು ಯಂತ್ರವೇ ಮಾಡುವುದಾದರೆ ಇಷ್ಟು ಶ್ರಮಪಟ್ಟು ಕಲಿಯುವುದರಿಂದ ಏನು ಪ್ರಯೋಜನ ಎಂದು ನಮ್ಮ ತರಗತಿಯಲ್ಲೇ ವಾದ ನಡೆಯುತ್ತಿದೆ.

ರಾತ್ರಿಪಾಳಿ:

ಯಂತ್ರವನ್ನು ಡೆಸ್ಕಿನಲ್ಲೂ ಬಳಸುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅದು ಕೊಟ್ಟ ಕನ್ನಡ ನುಣುಪಾಗಿದ್ದಷ್ಟೂ ಅಪಾಯ ಹೆಚ್ಚು, ಏಕೆಂದರೆ ತಪ್ಪು ಎದ್ದು ಕಾಣುವುದಿಲ್ಲ. ಉದ್ದದ ವಾಕ್ಯದಲ್ಲಿ ಅರ್ಜಿದಾರರ ವಾದ ನ್ಯಾಯಾಲಯದ ಅಭಿಪ್ರಾಯವಾಗಿಬಿಡಬಹುದು; ಆರೋಪವೆಂದು ಹೇಳಿದ್ದು ಸಾಬೀತಾದ ಸಂಗತಿಯಂತೆ ಕಾಣಬಹುದು. ಅದನ್ನು ಹಿಡಿಯಬೇಕಾದವರು ಮೂಲವನ್ನು ಓದಬಲ್ಲವರೇ ಆಗಿರಬೇಕು, ಮತ್ತು ಪತ್ರಿಕೆ ಅವರಿಗೆ ಸಂಬಳ ಕೊಡುವುದೂ ಅದಕ್ಕೇ. ತರಗತಿಯ ವಾದವನ್ನು ಹೀಗೆ ಪರೀಕ್ಷಿಸಿ ನೋಡಿ: ಹೈಕೋರ್ಟ್‌ನ ಯಾವುದಾದರೊಂದು ಚಿಕ್ಕ ಆದೇಶವನ್ನು ಯಂತ್ರಕ್ಕೆ ಕೊಟ್ಟು ಬಂದ ಅನುವಾದವನ್ನು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಿ, ಪ್ರತಿ ವಾಕ್ಯದಲ್ಲಿ ಮಾತನಾಡುತ್ತಿರುವವರು ಯಾರೆಂದು ಅಂಚಿನಲ್ಲಿ ಬರೆಯಿರಿ. ಹೋಲಿಕೆ ಮುಗಿದ ಮೇಲೆ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.