1996ರ ಎಂಎಂ 540: ಚಾಸಿಗೆ ತುಕ್ಕು ಹಿಡಿದಿದೆ, ಮೇಲೊಂದು ಪ್ಲೇಟ್ ಹೊಡೆಸಿದರೆ ಸಾಕಾ?

ಗದ್ದೆ ಜೀಪು, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಅಪ್ಪ ಕೊಂಡ 1996ರ ಮಹೀಂದ್ರಾ ಎಂಎಂ 540 ನಮ್ಮ ಮನೆಯಲ್ಲಿದೆ. ಇಷ್ಟು ವರ್ಷ ಗೊಬ್ಬರ, ಬೀಜ, ಆಳುಗಳು, ಎಲ್ಲ ಗದ್ದೆಗೆ ಹೋಗಿದ್ದು ಅದರಲ್ಲೇ. ಎರಡು ತಿಂಗಳಿಂದ ಕಾಲುವೆ ಏರಿ ಹತ್ತುವಾಗ ಹಿಂದೆ ಬಲಗಡೆ ‘ಟಕ್’ ಅಂತ ಶಬ್ದ. ಬುಶ್ ಬದಲಿಸಿದೆ, ಹೋಗಲಿಲ್ಲ. ನಿನ್ನೆ ಕೆಳಗೆ ಮಲಗಿ ನೋಡಿದರೆ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಬ್ರಾಕೆಟ್) ಕೂತಿರುವ ಕಡೆ ಚಾಸಿ ಉಬ್ಬಿದೆ. ಸ್ಕ್ರೂಡ್ರೈವರ್ ಒತ್ತಿದೆ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು.

ಇಲ್ಲಿನ ವೆಲ್ಡರ್ ಮೇಲೊಂದು 6 ಎಂಎಂ ಪ್ಲೇಟ್ ಹೊಡೆದು ಸಂಜೆಗೆ ಗಾಡಿ ಕೊಡ್ತೀನಿ ಅಂತಾರೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದೆವು. ಆದರೂ ಹೀಗ್ಯಾಕೆ ಆಯ್ತು? ಆರ್‌ಸಿ ನವೀಕರಣವೂ ಹತ್ತಿರ ಬಂದಿದೆ. ಗಾಡಿ ಮಾರುವ ಮನಸ್ಸು ಯಾರಿಗೂ ಇಲ್ಲ. ಗೊತ್ತಿದ್ದವರು ದಾರಿ ಹೇಳಿ.

ಸಿರುಗುಪ್ಪ ವೆಲ್ಡರ್

ತಮ್ಮಾ, ದಯವಿಟ್ಟು ಪ್ಲೇಟ್ ಹೊಡೆಸಬೇಡಿ. ಅದಿರು ಲಾರಿಗಳ ಚಾಸಿ ವೆಲ್ಡ್ ಮಾಡುತ್ತಾ ಇಪ್ಪತ್ತು ವರ್ಷ ಆಯ್ತು. ಹೀಗೆ ಮುಚ್ಚಿದ ತುಕ್ಕನ್ನು ಆಮೇಲೆ ಬಿಚ್ಚಿದ್ದೇ ಜಾಸ್ತಿ. ಸವೆದ ತಗಡಿಗೆ ವೆಲ್ಡ್ ಹಿಡಿಯುವುದಿಲ್ಲ. ಹಿಡಿದರೂ 6 ಎಂಎಂ ಪ್ಲೇಟ್ ಬಗ್ಗುವುದಿಲ್ಲ, ಪಕ್ಕದ ಹಳೇ ಚಾಸಿ ಬಗ್ಗುತ್ತದೆ. ಪ್ಲೇಟಿನ ಅಂಚಿನಲ್ಲೇ ಬಿರುಕು ಬಿಡುತ್ತದೆ.

ಆಯಿಲ್ ಹೊರಗೆ ಬಳಿದಿರಿ, ತುಕ್ಕು ಒಳಗಿಂದ ಬಂದಿದೆ. ನಿಮ್ಮ ಕಡೆ ಎರೆ ಮಣ್ಣು, ಒಮ್ಮೆ ನೆನೆದರೆ ಬೇಗ ಒಣಗಲ್ಲ. ಚಾಸಿಯ ಚಾನೆಲ್ (ಬದಿಯ ಉದ್ದ ತೊಲೆ) ಒಳಗೆ ಅದು ಕೂತರೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಮೇಲಿಂದ ಪೊಟ್ಯಾಷ್ ಚೀಲ ಸೋರಿರುತ್ತದೆ. ಅದು ಉಪ್ಪಿನ ಜಾತಿಯದೇ, ಕಬ್ಬಿಣವನ್ನು ಬೇಗ ತಿನ್ನುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜಾಗದಲ್ಲಿ ನೀರು ಇಳಿದರೆ ತುಕ್ಕು ಊದಿಕೊಂಡು ತಗಡನ್ನೇ ಎಬ್ಬಿಸುತ್ತದೆ. ನೀವು ಕಂಡ ಉಬ್ಬು ಅದೇ.

ಮೊದಲು ಮಣ್ಣೆಲ್ಲ ತೊಳೆದು, ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಬಡಿಯಿರಿ. ಗಟ್ಟಿ ಕಬ್ಬಿಣ ‘ಠಣ್’ ಅನ್ನುತ್ತದೆ, ಕೊಳೆತದ್ದು ‘ದಪ್’ ಅನ್ನುತ್ತದೆ. ದಪ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಗೌಂಡಿಗಳ ತೂಗುಗುಂಡು ಇಳಿಬಿಟ್ಟು ನಾಲ್ಕೂ ಮೂಲೆಯ ಸ್ಪ್ರಿಂಗ್ ಪಿನ್ನುಗಳ ಗುರುತು ನೆಲಕ್ಕೆ ಹಾಕಿ. ಎರಡು ಕರ್ಣ (ಮೂಲೆಯಿಂದ ಎದುರು ಮೂಲೆಗೆ) ಅಳೆದು ಬರೆದುಕೊಳ್ಳಿ. ಎರಡೂ ಸಮ ಇಲ್ಲದಿದ್ದರೆ ಎಲ್ಲೋ ಸೊಟ್ಟ ಇದೆ ಅಂತ. ಇದನ್ನು ಬಿಟ್ಟು ಗ್ರೈಂಡರ್ ಮುಟ್ಟಲೇಬೇಡಿ. ಸೊಟ್ಟ ಇದ್ದಾಗ ವೆಲ್ಡ್ ಮಾಡಿದರೆ ಆ ಸೊಟ್ಟವೇ ಕಾಯಂ ಆಗುತ್ತದೆ.

ಗದ್ದೆ ಜೀಪು, ಗಂಗಾವತಿ

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಒಳಗಿಂದ ಅರ್ಧ ಪುಟ್ಟಿ ಮಣ್ಣು ಬಂತು, ಅದರಲ್ಲಿ ಭತ್ತದ ಹೊಟ್ಟೂ ಇತ್ತು. ಹ್ಯಾಂಗರ್ ಹಿಂದೆ ಮುಂದೆ ಸೇರಿ ಒಂದೂಕಾಲು ಅಡಿ ‘ದಪ್’. ಕರ್ಣಗಳಲ್ಲಿ 11 ಎಂಎಂ ವ್ಯತ್ಯಾಸ. ಚಾಸಿಯ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು ಚಕ್ರದ ಭಾರ ತೆಗೆದು, ಹ್ಯಾಂಗರನ್ನು ಜಾಕಿನಿಂದ ಸ್ವಲ್ಪ ಎತ್ತಿದರೆ 3ಕ್ಕೆ ಇಳಿಯಿತು.

ಸಿರುಗುಪ್ಪ ವೆಲ್ಡರ್

ಹಾಗಾದರೆ ಚಾಸಿ ತಿರುಚಿಲ್ಲ, ಹ್ಯಾಂಗರ್ ಮಾತ್ರ ಜರುಗಿದೆ. ಒಳ್ಳೆಯ ಸುದ್ದಿ. ಆ ಅಳತೆಯಲ್ಲೇ ಒಂದು ಆ್ಯಂಗಲ್ ಅಡ್ಡ ಕೊಟ್ಟು ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ) ಹಿಡಿದಿಡಿ.

ಈಗ ಕತ್ತರಿಸಿ. ಹೊಳೆಯುವ ಕಬ್ಬಿಣ ಸಿಗುವವರೆಗೆ ಹೋಗಬೇಕು, ಕೈ ಹಿಂದೆಗೆಯಬೇಡಿ. ಗಟ್ಟಿ ಇರುವ ಕಡೆ ವರ್ನಿಯರ್‌ನಿಂದ ದಪ್ಪ ಅಳೆದು ಅಷ್ಟೇ ದಪ್ಪದ ಮೈಲ್ಡ್ ಸ್ಟೀಲ್ ತನ್ನಿ. ಸತು ಲೇಪಿಸಿದ ತಗಡು ಬೇಡ, ವೆಲ್ಡ್ ಮಾಡುವಾಗ ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಜೋಡಿಸುವ ತುಂಡಿನ ತುದಿಗಳನ್ನು ಓರೆಯಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಿ. ನೆಟ್ಟಗೆ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ವೆಲ್ಡ್ ಬಂದರೆ ಮುಂದೆ ಅಲ್ಲೇ ಸೀಳುತ್ತದೆ. ಚಾನೆಲಿನ ಮೇಲಿನ, ಕೆಳಗಿನ ಅಂಚಿನ ಮೇಲೆ ಅಡ್ಡ ವೆಲ್ಡ್ ಆದಷ್ಟೂ ತಪ್ಪಿಸಿ, ಭಾರ ಹೊರುವುದು ಅವೇ.

ಬಳಿದ ಆಯಿಲನ್ನು ಪೂರ್ತಿ ತೊಳೆದು ಒಣಗಿಸಿ. ಇಲ್ಲದಿದ್ದರೆ ವೆಲ್ಡ್ ಒಳಗೆ ಗಾಳಿಗುಳ್ಳೆ ಬರುತ್ತವೆ, ಬೆಂಕಿಯ ಭಯ ಬೇರೆ. ಡೀಸೆಲ್ ಟ್ಯಾಂಕ್ ಇಳಿಸಿ, ಬ್ರೇಕ್ ಪೈಪು, ವೈರಿಂಗ್ ಸರಿಸಿ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ. ಅರ್ತ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನೂ ಕೆಡಿಸಬಹುದು. ಇನ್ವರ್ಟರ್ ವೆಲ್ಡಿಂಗ್ ಮಷೀನಿನಲ್ಲಿ 7018 ನಂಬರಿನ ವೆಲ್ಡಿಂಗ್ ರಾಡ್, ಬಿಸಿ ಮಾಡಿ ಒಣಗಿಸಿದ್ದು. ಒಂದು ಇಂಚು ಒಂದು ಕಡೆ, ಇನ್ನೊಂದು ಇಂಚು ಎದುರು ಕಡೆ. ಕೈಯಿಟ್ಟರೆ ತಡೆಯುವಷ್ಟು ಆರಿದ ಮೇಲೆ ಮುಂದಿನದು. ಒಂದೇ ಸಲ ಎಳೆದರೆ ಚಾಸಿ ಜಗ್ಗುತ್ತದೆ.

ಪೇಂಟಿಗಿಂತ ಮುಖ್ಯ ಒಳಗಿನ ನೀರು ಹೋಗುವ ದಾರಿ. ಹಳೇ ರಂಧ್ರಗಳನ್ನೇ ತೆರೆಯಿರಿ, ಅಂಚಿಗೆ ಹೊಸ ತೂತು ಕೊರೆಯಬೇಡಿ. ಹೊರಗೆ ಎಪಾಕ್ಸಿ ಪ್ರೈಮರ್, ಪೇಂಟು. ಒಳಗೆ ಸಣ್ಣ ಪೈಪಿನಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ).

ರಾಯಚೂರು ಡೀಸೆಲ್

ಒಂದೇ ಮಾತು ಸೇರಿಸ್ತೀನಿ. ಚಾಸಿ ನಂಬರ್ ಗುದ್ದಿರುವ ಜಾಗವನ್ನು ಮೊದಲೇ ಹುಡುಕಿ, ಟೇಪು ಸುತ್ತಿಡಿ. ಅಲ್ಲಿ ಗ್ರೈಂಡರ್, ಉಪ್ಪುಕಾಗದ ಏನೂ ತಾಗಬಾರದು. ಮೊದಲ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಬೇಕಲ್ವಾ? ನಂಬರ್ ಓದಲು ಬರದಿದ್ದರೆ ಎಷ್ಟು ಚೆನ್ನಾಗಿ ವೆಲ್ಡ್ ಮಾಡಿದ್ದರೂ ಅಲೆದಾಟ ತಪ್ಪಲ್ಲ. ಕೆಲಸಕ್ಕೆ ಮುಂಚೆ, ಆಮೇಲೆ ಫೋಟೋನೂ ತೆಗೆದಿಡಿ.

ಗದ್ದೆ ಜೀಪು, ಗಂಗಾವತಿ

ಮೂರು ಭಾನುವಾರ ಹಿಡಿಯಿತು. ನಮ್ಮ ವೆಲ್ಡರಿಗೂ ಇದನ್ನೆಲ್ಲ ಓದಿ ಹೇಳಿದೆ, ಅವರೇ ಪ್ರೀತಿಯಿಂದ ಮಾಡಿಕೊಟ್ಟರು. ಗಾಡಿಯನ್ನು ಮತ್ತೆ ಚಕ್ರದ ಮೇಲೆ ಇಳಿಸಿದ ಮೇಲೆ ಕರ್ಣದಲ್ಲಿ 2 ಎಂಎಂ ವ್ಯತ್ಯಾಸ. ವ್ಯಾಕ್ಸ್‌ಗೆ ಮುಂಚೆ ಚಾನೆಲ್ ಒಳಗೆ ಒಂದು ಚೊಂಬು ನೀರು ಹೊಯ್ದು ನೋಡಿದೆ, ಎಲ್ಲ ಕೆಳಗಿನ ರಂಧ್ರದಿಂದ ಇಳಿದುಹೋಯಿತು. ಕಾಲುವೆ ಏರಿ ಎರಡು ಸಲ ಹತ್ತಿಸಿದೆ, ಶಬ್ದ ಇಲ್ಲ. ಎಡಗಡೆ ಸುತ್ತಿಗೆಗೆ ‘ಠಣ್’ ಅನ್ನುತ್ತಿದೆ, ಆದರೆ ಅಲ್ಲೂ ಮಣ್ಣು ತುಂಬಿದೆ. ಬರುವ ಭಾನುವಾರ ಅದನ್ನು ಬಿಡಿಸಿ ವ್ಯಾಕ್ಸ್ ಹಾಕ್ತೀನಿ. ಅಣ್ಣಾ, ನಿಮಗೆ ತುಂಬಾ ಥ್ಯಾಂಕ್ಸ್.